ಆಂಬುಲೆನ್ಸ್ ಬರುವವರೆಗೆ ಪೊಲೀಸರು ಏನು ಮಾಡಬಹುದು?

ಅಪಘಾತವೋ, ಚಾಕು ಇರಿತವೋ, ಗುಂಡಿನ ದಾಳಿಯೋ ಆದ ಸ್ವಲ್ಪ ಹೊತ್ತಿಗೆ ಯಾರೋ ತೆಗೆದ ವಿಡಿಯೊ ಎಲ್ಲರ ಮೊಬೈಲಿಗೂ ಬಂದಿರುತ್ತದೆ. ಗಾಯಗೊಂಡವರು ನೆಲದ ಮೇಲೆ ಬಿದ್ದಿದ್ದಾರೆ. ಪಕ್ಕದಲ್ಲೇ ಪೊಲೀಸರಿದ್ದಾರೆ. ಒಬ್ಬರು ಜನರನ್ನು ಹಿಂದೆ ಸರಿಸುತ್ತಿದ್ದಾರೆ, ಇನ್ನೊಬ್ಬರು ವೈರ್‌ಲೆಸ್‌ನಲ್ಲಿ ಆಂಬುಲೆನ್ಸ್ ಎಲ್ಲಿದೆ ಎಂದು ಕೇಳುತ್ತಿದ್ದಾರೆ. ನೋಡಿದವರ ಮನಸ್ಸಿಗೆ ಬರುವ ಪ್ರಶ್ನೆ ಒಂದೇ: ಅಲ್ಲೇ ಇದ್ದರಲ್ಲ, ಏನಾದರೂ ಮಾಡಬಾರದಿತ್ತಾ?

ಪ್ರಶ್ನೆ ನ್ಯಾಯವಾದದ್ದೇ. ಎಷ್ಟೋ ಸಲ ಅದಕ್ಕೆ ಸಿಗುವ ಉತ್ತರ ಇಷ್ಟೇ: ಏನು ಮಾಡಬೇಕೆಂದು ಅವರಿಗೆ ಯಾರೂ ಕಲಿಸಿರಲಿಲ್ಲ, ಕೈಯಲ್ಲಿ ಬೇಕಾದ ಸಾಮಾನೂ ಇರಲಿಲ್ಲ. ಕಳೆದ ಹತ್ತಿಪ್ಪತ್ತು ವರ್ಷಗಳಲ್ಲಿ ಕೆಲವು ದೇಶಗಳಲ್ಲಿ ಇದು ಬದಲಾಗುತ್ತಿದೆ. ಅಲ್ಲಿ ಪೊಲೀಸರಿಗೆ ಟ್ರಾಮಾ ಪ್ರಥಮ ಚಿಕಿತ್ಸೆಯನ್ನೂ ಕಲಿಸುತ್ತಾರೆ. ಹಾಗಂದರೆ ಏನು, ಪೊಲೀಸರೇ ಯಾಕೆ, ಏನೇನು ಕಲಿಸುತ್ತಾರೆ, ಕಲಿತದ್ದು ಎಲ್ಲಿ ಕೈಕೊಡುತ್ತದೆ ಎಂಬುದನ್ನು ಮೊದಲಿನಿಂದ ನೋಡೋಣ.

## ಟ್ರಾಮಾ ಅಂದರೆ

ವೈದ್ಯರು ಟ್ರಾಮಾ ಎನ್ನುವುದು ಹೊರಗಿನ ಹೊಡೆತದಿಂದ ದೇಹಕ್ಕಾದ ಗಾಯಕ್ಕೆ. ವಾಹನ ಡಿಕ್ಕಿ, ಎತ್ತರದಿಂದ ಬೀಳುವುದು, ಚಾಕು, ಗುಂಡು, ಸ್ಫೋಟ, ಬೆಂಕಿ ಎಲ್ಲವೂ ಇದರಲ್ಲಿ ಬರುತ್ತವೆ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 44 ಲಕ್ಷ ಜನ ಗಾಯಗಳಿಂದ ಸಾಯುತ್ತಾರೆ. ರಸ್ತೆ ಅಪಘಾತಗಳ ಪಾಲೇ ಸುಮಾರು 12 ಲಕ್ಷ.

ಶಾಲೆಯಲ್ಲಿ ಕಲಿಯುವ ಪ್ರಥಮ ಚಿಕಿತ್ಸೆಗೂ ಇದಕ್ಕೂ ವ್ಯತ್ಯಾಸವಿದೆ. ಸುಟ್ಟ ಬೆರಳು, ಉಳುಕಿದ ಕಾಲು, ತರಚಿದ ಮಂಡಿ ಇಲ್ಲಿ ಲೆಕ್ಕಕ್ಕಿಲ್ಲ. ಮುಂದಿನ ಕೆಲವೇ ನಿಮಿಷಗಳಲ್ಲಿ ಜೀವ ತೆಗೆಯುವುದು ಯಾವುದು, ಅದರಲ್ಲಿ ಬರಿಗೈಯಲ್ಲೋ ಒಂದು ಸಣ್ಣ ಚೀಲದ ಸಾಮಾನಿನಲ್ಲೋ ತಡೆಯಬಹುದಾದದ್ದು ಯಾವುದು ಎಂಬುದಷ್ಟೇ ಇಲ್ಲಿ ಮುಖ್ಯ. ಅಂಥವು ಮೂರು: ಜೋರಾದ ರಕ್ತಸ್ರಾವ, ಉಸಿರುದಾರಿ ಮುಚ್ಚಿಹೋಗುವುದು, ಎದೆಗೆ ತೂತಾಗಿ ಉಸಿರಾಟ ಕೆಡುವುದು. ಮೂರರಲ್ಲೂ ಮೊದಲ ಜಾಗ ರಕ್ತಸ್ರಾವದ್ದು.

## ರಕ್ತ ಹರಿದುಹೋಗುವಾಗ ದೇಹದೊಳಗೆ ಏನಾಗುತ್ತದೆ?

ದೊಡ್ಡವರ ದೇಹದಲ್ಲಿ ಸುಮಾರು 5 ಲೀಟರ್ ರಕ್ತ ಇರುತ್ತದೆ. ಮುಕ್ಕಾಲು ಲೀಟರ್‌ವರೆಗೆ ಹೋದರೂ ದೇಹ ಹೇಗೋ ನಿಭಾಯಿಸುತ್ತದೆ. ಅದಕ್ಕಿಂತ ಜಾಸ್ತಿ ಹೋದರೆ ಎದೆಬಡಿತ ಜೋರಾಗುತ್ತದೆ, ಕೈಕಾಲಿನ ರಕ್ತನಾಳಗಳು ಬಿಗಿದುಕೊಳ್ಳುತ್ತವೆ. ಇರುವ ರಕ್ತವನ್ನು ಮಿದುಳಿಗೂ ಹೃದಯಕ್ಕೂ ಉಳಿಸಿಕೊಡಲು ದೇಹ ಮಾಡುವ ಪ್ರಯತ್ನ ಇದು. ಅದಕ್ಕೇ ಚರ್ಮ ಬಿಳಿಚಿಕೊಂಡು, ತಣ್ಣಗಾಗಿ, ಬೆವರುತ್ತದೆ. ಈ ಹಂತದಲ್ಲಿ ಗಾಯಾಳು ಮಾತಾಡುತ್ತಿರಬಹುದು, 'ನನಗೇನೂ ಆಗಿಲ್ಲ' ಎನ್ನಲೂಬಹುದು. ನೋಡಿದವರು ಮೋಸಹೋಗುವುದು ಇಲ್ಲೇ.

ಒಂದೂವರೆ ಲೀಟರ್ ದಾಟಿತೆಂದರೆ ದೇಹದ ಈ ಆಟ ಮುಗಿಯುತ್ತದೆ. ರಕ್ತದೊತ್ತಡ ಕುಸಿಯುತ್ತದೆ, ಮಾತು ತೊದಲುತ್ತದೆ, ಗಲಿಬಿಲಿ ಶುರುವಾಗುತ್ತದೆ. ಇದನ್ನೇ ಶಾಕ್ ಎನ್ನುತ್ತಾರೆ. ಜನ ಮಾತಿನಲ್ಲಿ 'ಶಾಕ್ ಆಯ್ತು' ಎಂದಾಗ ಇರುವ ಗಾಬರಿ ಇದಲ್ಲ. ದೇಹದ ಅಂಗಗಳಿಗೆ ಬೇಕಾದಷ್ಟು ರಕ್ತ ತಲುಪುತ್ತಿಲ್ಲ ಎಂದು ಅರ್ಥ. ಎರಡು ಲೀಟರ್ ಹೊತ್ತಿಗೆ ಜೀವ ಉಳಿಸುವುದು ಬಹಳ ಕಷ್ಟ. ತೊಡೆಯ ದೊಡ್ಡ ಅಪಧಮನಿ ಕತ್ತರಿಸಿದರೆ ಅಷ್ಟು ರಕ್ತ ಹೋಗಲು ಐದು ನಿಮಿಷವೂ ಬೇಕಾಗದಿರಬಹುದು.

ಇನ್ನೊಂದು ಸಂಗತಿ ಅನೇಕರಿಗೆ ಗೊತ್ತಿರುವುದಿಲ್ಲ. ರಕ್ತ ಹೋದಂತೆ ಮೈ ತಣ್ಣಗಾಗುತ್ತದೆ. ಮೈ ತಣ್ಣಗಾದರೆ ರಕ್ತ ಸರಿಯಾಗಿ ಹೆಪ್ಪುಗಟ್ಟುವುದಿಲ್ಲ. ಆಮ್ಲಜನಕ ಸಿಗದ ಅಂಗಗಳಿಂದ ರಕ್ತದಲ್ಲಿ ಆಮ್ಲ ಸೇರುತ್ತದೆ, ಅದರಿಂದ ಹೆಪ್ಪುಗಟ್ಟುವುದು ಇನ್ನಷ್ಟು ಕೆಡುತ್ತದೆ. ಆಗ ರಕ್ತಸ್ರಾವ ಮತ್ತೂ ಜೋರಾಗುತ್ತದೆ. ಒಂದು ಇನ್ನೊಂದನ್ನು ತಳ್ಳುತ್ತಾ ಹೋಗುವ ಈ ಸುತ್ತು ಒಮ್ಮೆ ಹಿಡಿದುಕೊಂಡರೆ ಒಳ್ಳೆಯ ಶಸ್ತ್ರಚಿಕಿತ್ಸಕರಿಗೂ ಬಿಡಿಸುವುದು ಕಷ್ಟ.

ಮನೆಯಲ್ಲಿ ನೀರಿನ ಪೈಪ್ ಒಡೆದರೆ ಪ್ಲಂಬರ್‌ಗೆ ಫೋನ್ ಮಾಡುತ್ತೇವೆ. ಆದರೆ ಅವರು ಬರುವವರೆಗೆ ಸುಮ್ನೆ ನಿಂತು ನೋಡುವುದಿಲ್ಲ, ಮೊದಲು ವಾಲ್ವ್ ತಿರುಗಿಸಿ ನೀರು ನಿಲ್ಲಿಸುತ್ತೇವೆ. ಪೈಪ್ ರಿಪೇರಿ ನಮಗೆ ಬರದಿದ್ದರೂ ಪರವಾಗಿಲ್ಲ, ಟ್ಯಾಂಕ್ ಖಾಲಿಯಾಗದಿದ್ದರೆ ಸಾಕು. ಪೊಲೀಸರಿಗೆ ಕಲಿಸುವುದು ಈ ವಾಲ್ವ್ ತಿರುಗಿಸುವ ಕೆಲಸವನ್ನು.

## ಪೊಲೀಸರೇ ಯಾಕೆ?

ಅವರು ಆಗಲೇ ರಸ್ತೆಯಲ್ಲಿ ಇರುತ್ತಾರೆ ಎಂಬುದು ಮೊದಲ ಕಾರಣ. ಆಂಬುಲೆನ್ಸ್ ತನ್ನ ನೆಲೆಯಿಂದ ಹೊರಡಬೇಕು. ಗಸ್ತಿನ ಗಾಡಿ ಪಕ್ಕದ ಬೀದಿಯಲ್ಲೇ ಇರಬಹುದು.

ಎರಡನೇ ಕಾರಣ ಇನ್ನೂ ಗಟ್ಟಿ. ದಾಳಿ ನಡೆಯುತ್ತಿರುವ ಜಾಗಕ್ಕೆ ಆಂಬುಲೆನ್ಸ್ ಸಿಬ್ಬಂದಿಯನ್ನು ಬಿಡುವುದಿಲ್ಲ. ಅಲ್ಲಿ ಅಪಾಯ ಇಲ್ಲ ಎಂದು ಗೊತ್ತಾಗುವವರೆಗೆ ಅವರು ದೂರದಲ್ಲಿ ಕಾಯಬೇಕು. ಕಾಯದೆ ಹೋದರೆ ಕಾಪಾಡಲು ಬಂದವರೇ ಗಾಯಾಳುಗಳ ಪಟ್ಟಿಗೆ ಸೇರುತ್ತಾರೆ, ಆದ್ದರಿಂದ ನಿಯಮ ಸರಿಯಾದದ್ದೇ. ಆದರೆ ಒಳಗೆ ಬಿದ್ದವರ ರಕ್ತ ಆ ನಿಯಮಕ್ಕಾಗಿ ಕಾಯುವುದಿಲ್ಲ.

1999ರ ಏಪ್ರಿಲ್ 20ರಂದು ಅಮೆರಿಕದ ಕೊಲಂಬೈನ್ ಹೈಸ್ಕೂಲಿನಲ್ಲಿ ದಾಳಿಯಾದಾಗ ಮೊದಲು ಬಂದ ಪೊಲೀಸರು ಅಂದಿನ ಪದ್ಧತಿಯಂತೆ ಕಟ್ಟಡವನ್ನು ಸುತ್ತುವರಿದು ವಿಶೇಷ ಪಡೆಗಾಗಿ ಕಾದರು. ಗುಂಡು ತಗುಲಿದ್ದ ಒಬ್ಬ ಶಿಕ್ಷಕರ ಬಳಿಗೆ ನೆರವು ತಲುಪುವಾಗ ಮೂರು ಗಂಟೆಗೂ ಹೆಚ್ಚು ಕಳೆದಿತ್ತು. ಅವರು ಉಳಿಯಲಿಲ್ಲ. ಅದಾದ ಮೇಲೆ ಅಮೆರಿಕದ ಪೊಲೀಸರ ಪದ್ಧತಿಯೇ ಬದಲಾಯಿತು. ಮೊದಲು ಬಂದವರು ಕಾಯದೆ ಒಳಗೆ ನುಗ್ಗಬೇಕು ಎಂದಾಯಿತು. ಒಳಗೆ ಹೋಗುವವರು ಅವರೇ ಆದ ಮೇಲೆ ಗಾಯಾಳುಗಳನ್ನು ಮೊದಲು ಮುಟ್ಟುವವರೂ ಅವರೇ ಅಲ್ವಾ?

2017ರ ಮೇ 22ರಂದು ಇಂಗ್ಲೆಂಡಿನ ಮ್ಯಾಂಚೆಸ್ಟರ್ ಅರೀನಾದಲ್ಲಿ ಬಾಂಬ್ ಸಿಡಿದು 22 ಜನ ಸತ್ತರು. ಆ ರಾತ್ರಿ ಸ್ಫೋಟವಾದ ಕೋಣೆಯೊಳಗೆ ಹೋದ ಪ್ಯಾರಾಮೆಡಿಕ್‌ಗಳು, ಅಂದರೆ ಆಂಬುಲೆನ್ಸ್‌ನ ವೈದ್ಯಕೀಯ ಸಿಬ್ಬಂದಿ, ಮೂವರು ಮಾತ್ರ. ಉಳಿದಂತೆ ಗಾಯಾಳುಗಳ ಜೊತೆ ಇದ್ದವರು ಪೊಲೀಸರು, ಅಲ್ಲಿನ ಸಿಬ್ಬಂದಿ ಮತ್ತು ಸಾಮಾನ್ಯ ಜನ. ಸರ್ಕಾರ ನೇಮಿಸಿದ ವಿಚಾರಣೆಯ ವರದಿ 2022ರ ನವೆಂಬರ್‌ನಲ್ಲಿ ಬಂತು. ಸತ್ತವರಲ್ಲಿ ಒಬ್ಬರು ಸರಿಯಾದ ನೆರವು ಸಿಕ್ಕಿದ್ದರೆ ಬಹುಶಃ ಬದುಕುತ್ತಿದ್ದರು ಎಂದು ಅದು ಹೇಳಿತು. ಗಾಯವಾದ ಕ್ಷಣಕ್ಕೂ ವೈದ್ಯಕೀಯ ನೆರವು ಸಿಗುವ ಕ್ಷಣಕ್ಕೂ ನಡುವಿನ ಹೊತ್ತನ್ನು ಆ ವಿಚಾರಣೆ 'ಕೇರ್ ಗ್ಯಾಪ್' ಎಂದು ಕರೆಯಿತು. ಈ ಹೊತ್ತು ಪ್ರತಿ ಘಟನೆಯಲ್ಲೂ ಇದ್ದೇ ಇರುತ್ತದೆ. ಆ ಹೊತ್ತಿನಲ್ಲಿ ಗಾಯಾಳುವಿನ ಪಕ್ಕ ಇರುವವರಿಗೆ ಏನು ಗೊತ್ತಿದೆ ಎಂಬುದರ ಮೇಲೆ ಬಹಳಷ್ಟು ನಿಂತಿದೆ.

## ಯುದ್ಧಭೂಮಿಯಿಂದ ಬಂದ ತಿಳಿವಳಿಕೆ

ಈ ತರಬೇತಿಯ ಬೇರು ಸೈನ್ಯದಲ್ಲಿದೆ. 1996ರಲ್ಲಿ ಅಮೆರಿಕದ ಸೇನಾ ವೈದ್ಯರು ಟ್ಯಾಕ್ಟಿಕಲ್ ಕಾಂಬ್ಯಾಟ್ ಕ್ಯಾಶುಯಾಲ್ಟಿ ಕೇರ್ ಎಂಬ ಹೊಸ ಕ್ರಮವನ್ನು ಪ್ರಕಟಿಸಿದರು. ಆಸ್ಪತ್ರೆಯ ನಿಯಮಗಳನ್ನು ಗುಂಡು ಹಾರುವ ಜಾಗಕ್ಕೆ ಹಾಗೇ ತಂದರೆ ನಡೆಯುವುದಿಲ್ಲ, ಯಾವ ಹೊತ್ತಿನಲ್ಲಿ ಎಷ್ಟು ಚಿಕಿತ್ಸೆ ಎಂಬುದನ್ನು ಅಪಾಯ ನೋಡಿ ನಿರ್ಧರಿಸಬೇಕು ಎಂಬುದು ಅದರ ತಿರುಳು.

ಆಮೇಲೆ ಇರಾಕ್ ಮತ್ತು ಅಫ್ಘಾನಿಸ್ತಾನದ ಯುದ್ಧಗಳು ಬಂದವು. 2001ರಿಂದ 2011ರವರೆಗೆ ಅಲ್ಲಿ ಸತ್ತ ಸುಮಾರು 4,600 ಅಮೆರಿಕನ್ ಸೈನಿಕರ ಮರಣೋತ್ತರ ದಾಖಲೆಗಳನ್ನು ವೈದ್ಯರು ಒಂದೊಂದಾಗಿ ಪರಿಶೀಲಿಸಿದರು. ನೂರಕ್ಕೆ 87 ಮಂದಿ ಆಸ್ಪತ್ರೆ ಮುಟ್ಟುವ ಮೊದಲೇ ಸತ್ತಿದ್ದರು. ಹಾಗೆ ಸತ್ತವರಲ್ಲಿ ಸುಮಾರು ಕಾಲುಭಾಗ ಉಳಿಸಬಹುದಾಗಿದ್ದ ಜೀವಗಳು. ಆ ಕಾಲುಭಾಗದಲ್ಲಿ ನೂರಕ್ಕೆ 91 ಮಂದಿಯ ಜೀವ ತೆಗೆದದ್ದು ರಕ್ತಸ್ರಾವ.

ಕೈಕಾಲಿನ ರಕ್ತ ನಿಲ್ಲಿಸಲು ಬಿಗಿಯುವ ಪಟ್ಟಿಗೆ ಟೂರ್ನಿಕೆಟ್ ಎನ್ನುತ್ತಾರೆ. ಇದನ್ನು ಹಾಕಿದರೆ ಕೈಯೋ ಕಾಲೋ ಹೋಗುತ್ತದೆ, ಬೇರೆ ದಾರಿಯೇ ಇಲ್ಲದಾಗ ಮಾತ್ರ ಬಳಸಿ ಎಂದು ಬಹಳ ಕಾಲ ಪ್ರಥಮ ಚಿಕಿತ್ಸೆಯ ಪಾಠಗಳಲ್ಲಿ ಹೇಳುತ್ತಿದ್ದರು. ಬಾಗ್ದಾದಿನ ಸೇನಾ ಆಸ್ಪತ್ರೆಯಲ್ಲಿ 232 ಗಾಯಾಳುಗಳನ್ನು ಗಮನಿಸಿ 2008 ಮತ್ತು 2009ರಲ್ಲಿ ಪ್ರಕಟಿಸಿದ ಅಧ್ಯಯನಗಳು ಆ ಭಯವನ್ನು ತೆಗೆದುಹಾಕಿದವು. ಟೂರ್ನಿಕೆಟ್ ಹಾಕಿದ್ದರಿಂದಲೇ ಯಾರೂ ಕೈಕಾಲು ಕಳೆದುಕೊಂಡಿರಲಿಲ್ಲ. ಶಾಕ್‌ಗೆ ಜಾರುವ ಮೊದಲೇ ಹಾಕಿಸಿಕೊಂಡವರಲ್ಲಿ ನೂರಕ್ಕೆ 90 ಮಂದಿ ಬದುಕಿದರು. ಶಾಕ್‌ಗೆ ಹೋದ ಮೇಲೆ ಹಾಕಿದವರಲ್ಲಿ ಬದುಕಿದವರು ನೂರಕ್ಕೆ 10 ಮಾತ್ರ. ಪಟ್ಟಿ ಅದೇ, ಹಾಕಿದ ಹೊತ್ತು ಬೇರೆ.

ಪೊಲೀಸ್ ತರಬೇತಿಗೆ ಮಾದರಿಯಾದದ್ದು ಅಮೆರಿಕದ 75ನೇ ರೇಂಜರ್ ರೆಜಿಮೆಂಟ್. ಅಲ್ಲಿ ವೈದ್ಯಕೀಯ ಸಿಬ್ಬಂದಿಗೆ ಮಾತ್ರವಲ್ಲದೆ ಪ್ರತಿಯೊಬ್ಬ ಸೈನಿಕನಿಗೂ ಈ ವಿದ್ಯೆ ಕಲಿಸಿದರು. ಗುಂಡು ಹೊಡೆಯುವುದನ್ನು ಎಷ್ಟು ಮುಖ್ಯವಾಗಿ ಕಲಿಸುತ್ತಿದ್ದರೋ ಇದನ್ನೂ ಅಷ್ಟೇ ಮುಖ್ಯವಾಗಿ ಕಲಿಸಿದರು. ಸುಮಾರು ಎಂಟೂವರೆ ವರ್ಷಗಳ ಯುದ್ಧದಲ್ಲಿ, ಸ್ಥಳದಲ್ಲೇ ತಡೆಯಬಹುದಾಗಿದ್ದ, ಮೊದಲು ಹೇಳಿದ ಆ ಮೂರು ಕಾರಣಗಳಿಂದ ಅವರಲ್ಲಿ ಒಬ್ಬರೂ ಸಾಯಲಿಲ್ಲ. ಡಾಕ್ಟರ್ ಅಲ್ಲದವರೂ ಈ ಕೆಲಸವನ್ನು ಚೆನ್ನಾಗಿ ಮಾಡಬಲ್ಲರು ಎನ್ನಲು ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ ಎಂದು ನನಗನ್ನಿಸುತ್ತದೆ.

## ಪೊಲೀಸರ ಕೈಗೆ ಬಂದ ಬಗೆ

2011ರ ಜನವರಿ 8ರಂದು ಅಮೆರಿಕದ ಟೂಸಾನ್ ನಗರದಲ್ಲಿ ಸಂಸದೆ ಗೇಬ್ರಿಯಲ್ ಗಿಫರ್ಡ್ಸ್ ಅವರ ಸಭೆಯ ಮೇಲೆ ಗುಂಡಿನ ದಾಳಿಯಾಯಿತು. ಆರು ಜನ ಸತ್ತರು, ಗಿಫರ್ಡ್ಸ್ ಸೇರಿ 13 ಜನರಿಗೆ ಗುಂಡೇಟು ತಗುಲಿತು. ಮೊದಲು ಬಂದ ಪೀಮಾ ಕೌಂಟಿಯ ಡೆಪ್ಯುಟಿಗಳಿಗೆ (ಅಲ್ಲಿನ ಪೊಲೀಸರಿಗೆ) ಅಷ್ಟರಲ್ಲಾಗಲೇ ಟ್ರಾಮಾ ತರಬೇತಿ ಆಗಿತ್ತು. ಅವರ ಬಳಿ ಸಣ್ಣ ಕಿಟ್‌ಗಳೂ ಇದ್ದವು. ಆಂಬುಲೆನ್ಸ್ ಸಿಬ್ಬಂದಿಯನ್ನು ಒಳಗೆ ಬಿಡುವ ಮೊದಲೇ ಅವರು ಗಾಯಗಳಿಗೆ ಬ್ಯಾಂಡೇಜು, ಟೂರ್ನಿಕೆಟ್, ಎದೆಗೆ ಅಂಟುಪಟ್ಟಿ ಹಾಕಿದ್ದರು.

2012ರ ಡಿಸೆಂಬರ್‌ನಲ್ಲಿ ಸ್ಯಾಂಡಿ ಹುಕ್ ಶಾಲೆಯಲ್ಲಿ 20 ಮಕ್ಕಳು ಮತ್ತು 6 ದೊಡ್ಡವರು ಬಲಿಯಾದರು. ಅದಾದ ಮೇಲೆ 2013ರ ಏಪ್ರಿಲ್ 2ರಂದು ಶಸ್ತ್ರಚಿಕಿತ್ಸಕರು, ಪೊಲೀಸ್, ಅಗ್ನಿಶಾಮಕ ದಳ ಮತ್ತು ಸೇನೆಯ ತಜ್ಞರು ಹಾರ್ಟ್‌ಫರ್ಡ್ ನಗರದಲ್ಲಿ ಸೇರಿದರು. ಅಮೆರಿಕನ್ ಕಾಲೇಜ್ ಆಫ್ ಸರ್ಜನ್ಸ್ ಇದರ ಹಿಂದಿತ್ತು. ಅಲ್ಲಿ ಬಂದ ಒಮ್ಮತಕ್ಕೆ ಹಾರ್ಟ್‌ಫರ್ಡ್ ಕನ್ಸೆನ್ಸಸ್ ಎಂದು ಹೆಸರಾಯಿತು. ಮೊದಲು ದಾಳಿಕೋರನನ್ನು ತಡೆಯಬೇಕು, ಕೂಡಲೇ ರಕ್ತಸ್ರಾವ ನಿಲ್ಲಿಸಬೇಕು, ಬೇಗ ಹೊರಗೆ ಸಾಗಿಸಬೇಕು, ವೈದ್ಯಕೀಯ ಸಿಬ್ಬಂದಿ ಪರೀಕ್ಷಿಸಬೇಕು, ಆಸ್ಪತ್ರೆಗೆ ಒಯ್ಯಬೇಕು. ಈ ಸರಣಿಯಲ್ಲಿ ರಕ್ತ ನಿಲ್ಲಿಸುವುದು ಪೊಲೀಸರ ಮುಖ್ಯ ಕೌಶಲಗಳಲ್ಲಿ ಒಂದಾಗಬೇಕು ಎಂದು ಅವರು ಸ್ಪಷ್ಟವಾಗಿ ಹೇಳಿದರು.

ಎರಡು ವಾರದೊಳಗೆ ಬೋಸ್ಟನ್ ಮ್ಯಾರಥಾನ್‌ನಲ್ಲಿ ಬಾಂಬ್‌ಗಳು ಸಿಡಿದವು. ಕಾಲು ಛಿದ್ರವಾದವರಿಗೆ ಅಲ್ಲಿದ್ದವರು 27 ಟೂರ್ನಿಕೆಟ್‌ಗಳನ್ನು ಕಟ್ಟಿದರು. ಎಲ್ಲವೂ ಅಲ್ಲೇ ಸಿಕ್ಕಿದ ಬಟ್ಟೆ, ಬೆಲ್ಟು, ರಬ್ಬರ್ ಕೊಳವೆಯಂಥವುಗಳಿಂದ ಮಾಡಿದ್ದು. ಮನಸ್ಸಿತ್ತು, ಧೈರ್ಯವಿತ್ತು, ಸರಿಯಾದ ಸಾಮಾನು ಇರಲಿಲ್ಲ. 2015ರ ಅಕ್ಟೋಬರ್‌ನಲ್ಲಿ ಅಮೆರಿಕದ ಶ್ವೇತಭವನ 'ಸ್ಟಾಪ್ ದ ಬ್ಲೀಡ್' ಅಭಿಯಾನ ಶುರುಮಾಡಿತು. ಪೊಲೀಸರಿಗೆ ಕಲಿಸಿದ್ದನ್ನೇ ಸಾಮಾನ್ಯ ಜನರಿಗೂ ಕಲಿಸುವುದು ಅದರ ಉದ್ದೇಶ.

## ಏನೇನು ಕಲಿಸುತ್ತಾರೆ?

ಪಾಠ ಶುರುವಾಗುವುದು ಗಾಯದಿಂದಲ್ಲ, ಅಪಾಯದಿಂದ. ಗುಂಡು ಇನ್ನೂ ಹಾರುತ್ತಿದ್ದರೆ ಪೊಲೀಸರ ಮೊದಲ ಕೆಲಸ ಅದನ್ನು ನಿಲ್ಲಿಸುವುದು. ಆಗ ಚಿಕಿತ್ಸೆ ಎಂದರೆ ಗಾಯಾಳುವನ್ನು ಮರೆಗೆ ಎಳೆಯುವುದು, ಸಾಧ್ಯವಾದರೆ ಒಂದು ಟೂರ್ನಿಕೆಟ್ ಬಿಗಿಯುವುದು, ಅಷ್ಟೇ. ಅಪಾಯ ತಗ್ಗಿದ ಮೇಲೆ ಉಳಿದದ್ದು. ರಸ್ತೆ ಅಪಘಾತದಲ್ಲೂ ಇದೇ ಕ್ರಮ: ಹಿಂದಿನಿಂದ ಬರುವ ವಾಹನಗಳನ್ನು ತಡೆಯದೆ ಗಾಯಾಳುವಿನ ಪಕ್ಕ ಕೂತರೆ ಇಬ್ಬರೂ ಹೋಗುತ್ತಾರೆ.

ಟೂರ್ನಿಕೆಟ್. ಒಳ್ಳೆಯ ಟೂರ್ನಿಕೆಟ್ ಅಂದರೆ ಸುಮಾರು 4 ಸೆಂಟಿಮೀಟರ್ ಅಗಲದ ಗಟ್ಟಿ ಪಟ್ಟಿ, ಅದರ ಮೇಲೊಂದು ತಿರುಗಿಸುವ ಕಡ್ಡಿ. ಗಾಯಕ್ಕಿಂತ 5ರಿಂದ 7 ಸೆಂಟಿಮೀಟರ್ ಮೇಲೆ, ಅಂದರೆ ಹೃದಯದ ಕಡೆಗೆ ಕಟ್ಟಬೇಕು. ಮೊಣಕೈ, ಮೊಣಕಾಲಿನ ಕೀಲಿನ ಮೇಲೆ ಕಟ್ಟಬಾರದು. ಗಾಯ ಎಲ್ಲಿದೆ ಎಂದು ಕತ್ತಲಲ್ಲಿ ಕಾಣದಿದ್ದರೆ ತೋಳಿನ ಅಥವಾ ತೊಡೆಯ ಸಾಧ್ಯವಾದಷ್ಟು ಮೇಲಿನ ಭಾಗಕ್ಕೆ ಕಟ್ಟಿದರಾಯಿತು. ಪಟ್ಟಿ ಎಳೆದು, ರಕ್ತ ನಿಲ್ಲುವವರೆಗೆ ಕಡ್ಡಿ ತಿರುಗಿಸಬೇಕು. ನಿಲ್ಲದಿದ್ದರೆ ಅದರ ಮೇಲ್ಗಡೆ ಇನ್ನೊಂದು. ಕಟ್ಟಿದ ಸಮಯವನ್ನು ಪಟ್ಟಿಯ ಮೇಲೆ ಬರೆಯಬೇಕು.

ಇಲ್ಲಿ ಎರಡು ತಪ್ಪು ಪದೇ ಪದೇ ಆಗುತ್ತವೆ. ಸರಿಯಾಗಿ ಕಟ್ಟಿದ ಟೂರ್ನಿಕೆಟ್ ವಿಪರೀತ ನೋಯಿಸುತ್ತದೆ. ಗಾಯಾಳು ಕಿರುಚುತ್ತಾರೆ, 'ಬಿಚ್ಚಿ' ಎಂದು ಬೇಡಿಕೊಳ್ಳುತ್ತಾರೆ. ಕನಿಕರದಿಂದ ಸಡಿಲಿಸಿದರೆ ಜೀವಕ್ಕೇ ಅಪಾಯ. ಅರೆಬರೆ ಬಿಗಿಯುವುದು ಎರಡನೇ ತಪ್ಪು. ಆಗ ಅಪಧಮನಿಯಿಂದ ರಕ್ತ ಒಳಗೆ ಬರುತ್ತಲೇ ಇರುತ್ತದೆ, ವಾಪಸು ಹೋಗುವ ದಾರಿ ಮಾತ್ರ ಮುಚ್ಚಿರುತ್ತದೆ. ಅದರಿಂದ ರಕ್ತಸ್ರಾವ ಇನ್ನೂ ಜಾಸ್ತಿಯಾಗುತ್ತದೆ. ಸಾಮಾನ್ಯವಾಗಿ ಎರಡು ಗಂಟೆಯೊಳಗೆ ಆಸ್ಪತ್ರೆ ಮುಟ್ಟಿದರೆ ಟೂರ್ನಿಕೆಟ್‌ನಿಂದ ಕೈಕಾಲಿಗೆ ಶಾಶ್ವತ ಹಾನಿ ಆಗುವ ಭಯ ತೀರಾ ಕಡಿಮೆ. ಬಿಚ್ಚುವುದು ಆಸ್ಪತ್ರೆಯವರ ಕೆಲಸ.

ಗಾಯದೊಳಗೆ ಬಟ್ಟೆ ತುಂಬುವುದು. ತೊಡೆಸಂದು, ಕಂಕುಳು, ಕತ್ತಿನ ಬುಡಕ್ಕೆ ಟೂರ್ನಿಕೆಟ್ ಕಟ್ಟಲಾಗುವುದಿಲ್ಲ. ಅಲ್ಲಿ ಗಾಜ್ ಬಟ್ಟೆಯನ್ನು ಬೆರಳಿನಿಂದ ಗಾಯದ ಆಳಕ್ಕೆ, ರಕ್ತ ಚಿಮ್ಮುವ ನಾಳದವರೆಗೆ ತುಂಬಬೇಕು. ಜಾಗ ತುಂಬುವವರೆಗೆ ತುಂಬಿ, ಎರಡೂ ಕೈಯಿಂದ ಮೈಭಾರ ಹಾಕಿ ಒತ್ತಬೇಕು. ರಕ್ತ ಬೇಗ ಹೆಪ್ಪುಗಟ್ಟಿಸುವ ಔಷಧಿ ಹಚ್ಚಿದ ಗಾಜ್ ಆದರೆ ಕನಿಷ್ಠ 3 ನಿಮಿಷ, ಸಾದಾ ಗಾಜ್ ಆದರೆ ಇನ್ನೂ ಹೆಚ್ಚು ಹೊತ್ತು. ನಡುನಡುವೆ ಕೈ ತೆಗೆದು 'ನಿಂತಿತಾ' ಎಂದು ನೋಡಬಾರದು, ಆಗಷ್ಟೇ ಕಟ್ಟುತ್ತಿದ್ದ ಹೆಪ್ಪು ಕಿತ್ತುಬರುತ್ತದೆ. ಓದುವಾಗಲೇ ಮೈ ಜುಮ್ಮೆನ್ನುತ್ತದೆ, ಅಲ್ವಾ? ತರಬೇತಿಯಲ್ಲಿ ಹೆಚ್ಚಿನವರು ಹಿಂಜರಿಯುವುದೂ ಇಲ್ಲೇ. ಬಟ್ಟೆಯನ್ನು ಗಾಯದ ಮೇಲಿಟ್ಟು ಸುಮ್ಮನಾಗುತ್ತಾರೆ, ಒಳಗೆ ತಳ್ಳುವುದಿಲ್ಲ. ಮೇಲಿಟ್ಟ ಬಟ್ಟೆ ರಕ್ತವನ್ನು ಹೀರುತ್ತದೆ, ನಿಲ್ಲಿಸುವುದಿಲ್ಲ.

ಎದೆಯ ಗಾಯ. ಎದೆಗೆ ತೂತಾದರೆ ಉಸಿರೆಳೆದಾಗಲೆಲ್ಲ ಗಾಳಿ ಆ ತೂತಿನಿಂದ ಒಳಗೆ ಸೇರಿ ಶ್ವಾಸಕೋಶ ಕುಗ್ಗುತ್ತದೆ. ಅದಕ್ಕೆ ಚೆಸ್ಟ್ ಸೀಲ್ ಎಂಬ ಅಂಟುಹಾಳೆ ಇದೆ. ಒಳ್ಳೆಯ ಸೀಲ್‌ನಲ್ಲಿ ಗಾಳಿ ಹೊರಗೆ ಹೋಗಬಹುದು, ಒಳಗೆ ಬರಲಾಗುವುದಿಲ್ಲ. ಗುಂಡು ಒಳಹೊಕ್ಕ ಕಡೆ ಮಾತ್ರವಲ್ಲ, ಹೊರಬಂದ ಕಡೆಯೂ ತೂತಿರಬಹುದು. ಆದ್ದರಿಂದ ಬೆನ್ನು, ಕಂಕುಳು ಎಲ್ಲ ಸವರಿ ನೋಡಬೇಕು. ಸೀಲ್ ಹಾಕಿದ ಮೇಲೆ ಉಸಿರಾಟ ಇನ್ನೂ ಕಷ್ಟವಾದರೆ ಒಂದು ಅಂಚು ಎತ್ತಿ ಗಾಳಿ ಬಿಡಬೇಕು.

ಉಸಿರುದಾರಿ. ಪ್ರಜ್ಞೆ ತಪ್ಪಿ ಅಂಗಾತ ಬಿದ್ದವರ ನಾಲಿಗೆ ಹಿಂದಕ್ಕೆ ಜಾರಿ ಗಂಟಲು ಮುಚ್ಚುತ್ತದೆ. ಬಾಯಲ್ಲಿ ರಕ್ತವಿದ್ದರೆ ಅದೂ ಉಸಿರಿಗೆ ಅಡ್ಡ. ಗಲ್ಲ ಎತ್ತುವುದು, ಉಸಿರಾಡುತ್ತಿದ್ದರೆ ಪಕ್ಕಕ್ಕೆ ಮಗ್ಗುಲು ಮಾಡಿ ಮಲಗಿಸುವುದು, ಇಷ್ಟರಿಂದಲೇ ಎಷ್ಟೋ ಜೀವ ಉಳಿಯುತ್ತವೆ. ಅಪಘಾತದಲ್ಲಿ ಕತ್ತಿನ ಮೂಳೆಗೆ ಪೆಟ್ಟಾಗಿರಬಹುದು ಎನಿಸಿದರೆ ತಲೆ, ಕತ್ತು, ಬೆನ್ನು ಒಂದೇ ಸಾಲಿನಲ್ಲಿ ಇರುವಂತೆ ಹಿಡಿದು ಹೊರಳಿಸಬೇಕು. ಆದರೆ ಬೆನ್ನುಹುರಿಯ ಭಯದಿಂದ ಉಸಿರು ಕಟ್ಟುವವರನ್ನು ಹಾಗೇ ಬಿಡುವಂತಿಲ್ಲ.

ಬೆಚ್ಚಗೆ ಇಡುವುದು. ಒದ್ದೆ ಬಟ್ಟೆ ತೆಗೆದು, ನೆಲಕ್ಕೂ ಮೈಗೂ ನಡುವೆ ಏನಾದರೂ ಹಾಸಿ, ಮೇಲೆ ಹೊದಿಸಬೇಕು. ನೋಡಲು ಚಿಕ್ಕ ಕೆಲಸ. ತಣ್ಣಗಾದ ಮೈಯಲ್ಲಿ ರಕ್ತ ಹೆಪ್ಪುಗಟ್ಟದು ಎಂದು ಆಗಲೇ ನೋಡಿದೆವಲ್ಲ, ಅದಕ್ಕೇ ಇದು. ಬಿಸಿಲಿನ ದಿನದಲ್ಲೂ ರಕ್ತ ಕಳೆದುಕೊಂಡವರಿಗೆ ಚಳಿ ಹತ್ತುತ್ತದೆ.

ಯಾರಿಗೆ ಮೊದಲು? ಹತ್ತಾರು ಜನ ಗಾಯಗೊಂಡಿದ್ದರೆ ಜೋರಾಗಿ ಕೂಗುವವರ ಕಡೆಗೇ ಕಣ್ಣು ಹೋಗುತ್ತದೆ. ಆದರೆ ಕೂಗುವವರಿಗೆ ಉಸಿರಿದೆ, ಪ್ರಜ್ಞೆಯಿದೆ. ಸದ್ದಿಲ್ಲದೆ ಬಿದ್ದವರನ್ನು ಮೊದಲು ನೋಡಬೇಕು. ಬ್ರಿಟನ್ನಿನಲ್ಲಿ ಪೊಲೀಸರೂ ಬಳಸಬಹುದಾದ 'ಹತ್ತು ಸೆಕೆಂಡಿನ ಟ್ರಯಾಜ್' (ಯಾರಿಗೆ ಮೊದಲು ಎಂದು ವಿಂಗಡಿಸುವುದು) ಎಂಬ ಕ್ರಮ 2023ರಲ್ಲಿ ಬಂತು. ನಡೆಯಬಲ್ಲರೇ, ಜೋರು ರಕ್ತಸ್ರಾವ ಇದೆಯೇ, ಮಾತಾಡುತ್ತಿದ್ದಾರೆಯೇ, ಉಸಿರಾಡುತ್ತಿದ್ದಾರೆಯೇ ಎಂಬಂಥ ಸರಳ ಪ್ರಶ್ನೆಗಳು ಅದರಲ್ಲಿವೆ. ನಾಡಿ ಎಣಿಸುತ್ತಾ ಕೂರಬೇಕಿಲ್ಲ.

ಸೂಜಿ, ಡ್ರಿಪ್, ಗಂಟಲಿಗೆ ಕೊಳವೆ ಇವನ್ನು ಸಾಮಾನ್ಯ ಪೊಲೀಸರಿಗೆ ಕಲಿಸುವುದಿಲ್ಲ. ಹೊಟ್ಟೆಯೊಳಗೆ, ಎದೆಯೊಳಗೆ ರಕ್ತ ಸೋರುತ್ತಿದ್ದರೆ ಹೊರಗಿನಿಂದ ಯಾರೂ ನಿಲ್ಲಿಸಲಾರರು. ಅವರಿಗೆ ಆಪರೇಷನ್ ಟೇಬಲ್ ಒಂದೇ ದಾರಿ. ಅಂಥವರನ್ನು ಗುರುತಿಸಿ ಮೊದಲು ಸಾಗಿಸುವುದನ್ನೇ ಕಲಿಸುತ್ತಾರೆ.

## ಕಲಿತದ್ದು ಆ ಹೊತ್ತಿಗೆ ಕೈಗೆ ಬರುತ್ತದೆಯೇ?

ಪೊಲೀಸರಿಗಾಗಿಯೇ ಇರುವ ಅಂತರರಾಷ್ಟ್ರೀಯ ಕೋರ್ಸೊಂದು 8 ಗಂಟೆಯದು, ಅಂದರೆ ಒಂದು ದಿನ. ಅಷ್ಟರಲ್ಲಿ ಕಲಿಯಬಹುದು. ಮರೆಯುವುದೂ ಅಷ್ಟೇ ಬೇಗ.

2018ರಲ್ಲಿ ಪ್ರಕಟವಾದ ಒಂದು ಅಮೆರಿಕನ್ ಪ್ರಯೋಗ ಇದನ್ನು ಚೆನ್ನಾಗಿ ತೋರಿಸುತ್ತದೆ. ಕ್ರೀಡಾಂಗಣವೊಂದರ 465 ನೌಕರರನ್ನು ಗುಂಪುಗಳಾಗಿ ಮಾಡಿ ಬೇರೆ ಬೇರೆ ರೀತಿಯಲ್ಲಿ ಟೂರ್ನಿಕೆಟ್ ಕಲಿಸಿದರು. ಎದುರಿಗೆ ಕೂರಿಸಿ ಕೈಯಾರೆ ಮಾಡಿಸಿದ ಗುಂಪಿನಲ್ಲಿ ನೂರಕ್ಕೆ 88 ಮಂದಿ ಸರಿಯಾಗಿ ಕಟ್ಟಿದರು. ಏನೂ ಕಲಿಸದವರಲ್ಲಿ 16. ಚಿತ್ರದ ಕಾರ್ಡ್ ಕೊಟ್ಟವರು ಕಲಿಯದವರಿಗಿಂತ ಅಂಥ ಮುಂದೇನೂ ಇರಲಿಲ್ಲ. ಅಂದರೆ ವಿಡಿಯೊ ತೋರಿಸಿ, ಕರಪತ್ರ ಹಂಚಿ 'ತರಬೇತಿ ಆಯ್ತು' ಎಂದು ಬರೆದುಕೊಂಡರೆ ಪ್ರಯೋಜನವಿಲ್ಲ. ಮೂರರಿಂದ ಒಂಬತ್ತು ತಿಂಗಳ ನಂತರ ಮತ್ತೆ ಪರೀಕ್ಷಿಸಿದಾಗ ಸರಿಯಾಗಿ ಕಟ್ಟಿದವರು ನೂರಕ್ಕೆ 55ಕ್ಕೆ ಇಳಿದಿದ್ದರು. ವರ್ಷಕ್ಕೊಮ್ಮೆಯಾದರೂ ಮತ್ತೆ ಮಾಡಿಸಬೇಕು ಎನ್ನುವುದು ಇದಕ್ಕೇ.

ಇನ್ನು ಗಾಬರಿಯ ವಿಷಯ. ಭಯ ಹೆಚ್ಚಾದಾಗ ಕೈ ನಡುಗುತ್ತದೆ, ಬೆರಳುಗಳ ಸೂಕ್ಷ್ಮ ಕೆಲಸ ಕೆಡುತ್ತದೆ, ಕಣ್ಣು ಒಂದೇ ಕಡೆ ನೆಡುತ್ತದೆ. ತಣ್ಣನೆಯ ಕೋಣೆಯಲ್ಲಿ ಕುರ್ಚಿ ಮೇಲೆ ಕೂತು ಕಟ್ಟಿದ ಟೂರ್ನಿಕೆಟ್ ಆಗ ನೆನಪಿಗೇ ಬರುವುದಿಲ್ಲ. ಹಾಗಾಗಿ ಒಳ್ಳೆಯ ತರಬೇತಿ ಗದ್ದಲದಲ್ಲಿ ನಡೆಯುತ್ತದೆ. ದೀಪ ಆರಿಸುತ್ತಾರೆ, ಸೈರನ್ ಹಾಕುತ್ತಾರೆ, ಪಂಪಿನಿಂದ ಕೆಂಪು ನೀರು ಚಿಮ್ಮಿಸುತ್ತಾರೆ, ಗಾಯಾಳುವಿನ ಪಾತ್ರ ಮಾಡುವವರು ಕಿರುಚುತ್ತಾರೆ. ಜಾರುವ ಗ್ಲೌಸ್ ಹಾಕಿಕೊಂಡೇ ಮಾಡಿಸುತ್ತಾರೆ. ಒಂದೇ ಕೈಯಲ್ಲಿ, ತನ್ನದೇ ತೋಳಿಗೆ ಕಟ್ಟಿಕೊಳ್ಳುವುದನ್ನೂ ಕಲಿಸುತ್ತಾರೆ. ಗುಂಡು ತಗುಲಿದ್ದು ಪೊಲೀಸರಿಗೇ ಆಗಿದ್ದರೆ?

ಪೊಲೀಸರಿಗೆ ಮಾತ್ರ ಇರುವ ಇನ್ನೊಂದು ಕಷ್ಟವಿದೆ. ಕ್ಷಣದ ಹಿಂದೆ ಯಾರನ್ನು ಅಪಾಯ ಎಂದು ನೋಡುತ್ತಿದ್ದರೋ ಅವರೇ ಈಗ ಗಾಯಾಳು. ಮೊದಲು ಆಯುಧ ದೂರ ಮಾಡಿ, ಮೈ ತಪಾಸಣೆ ಮಾಡಿ, ಆಮೇಲೆ ಅದೇ ಕೈಯಿಂದ ರಕ್ತ ನಿಲ್ಲಿಸಬೇಕು. ಮನಸ್ಸು ಇಷ್ಟು ಬೇಗ ತಿರುಗುವುದು ಅಭ್ಯಾಸದಿಂದ ಮಾತ್ರ ಸಾಧ್ಯ.

## ಕಿಟ್ ಎಲ್ಲಿರಬೇಕು?

ಸೊಂಟದಲ್ಲಿ. ಗಾಡಿಯ ಡಿಕ್ಕಿಯಲ್ಲಿಟ್ಟ ಕಿಟ್ ಮೂರನೇ ಮಹಡಿಯ ಗಾಯಾಳುವಿಗೆ ಸಿಗುವುದಿಲ್ಲ. ಕನಿಷ್ಠ ಟೂರ್ನಿಕೆಟ್ ಮತ್ತು ಗ್ಲೌಸ್ ಮೈಮೇಲೇ ಇರಬೇಕು, ಎಡಗೈಗೂ ಬಲಗೈಗೂ ಎಟಕುವ ಜಾಗದಲ್ಲಿ. ಗಾಜ್, ಒತ್ತು ಬ್ಯಾಂಡೇಜು, ಚೆಸ್ಟ್ ಸೀಲ್, ಬಟ್ಟೆ ಕತ್ತರಿಸುವ ಮೊಂಡು ತುದಿಯ ಕತ್ತರಿ, ಸಮಯ ಬರೆಯಲು ಮಾರ್ಕರ್ ಪೆನ್ನು ಸಣ್ಣ ಚೀಲದಲ್ಲಿ ಹಿಡಿಸುತ್ತವೆ. ಅಭ್ಯಾಸಕ್ಕೆ ಬಳಸಿದ ಟೂರ್ನಿಕೆಟ್ ಸವೆದಿರುತ್ತದೆ, ಅದನ್ನು ಕೆಲಸಕ್ಕೆ ಒಯ್ಯಬಾರದು. ಅಗ್ಗದ ನಕಲಿಗಳ ಕಡ್ಡಿ ತಿರುಗಿಸುವಾಗಲೇ ಮುರಿದುಹೋಗಬಹುದು.

## ಪೊಲೀಸ್ ಗಾಡಿಯಲ್ಲೇ ಒಯ್ದರೆ?

ಅಮೆರಿಕದ ಫಿಲಡೆಲ್ಫಿಯಾ ನಗರದಲ್ಲಿ 1980ರ ದಶಕದಿಂದಲೇ ಪೊಲೀಸರು ಗುಂಡೇಟು, ಇರಿತಕ್ಕೊಳಗಾದವರನ್ನು ತಮ್ಮ ಕಾರಿನಲ್ಲೇ ಆಸ್ಪತ್ರೆಗೆ ಒಯ್ಯುತ್ತಾರೆ. 2003ರಿಂದ 2007ರವರೆಗಿನ 4,122 ಗಾಯಾಳುಗಳ ದಾಖಲೆ ನೋಡಿದಾಗ, ಗಾಯದ ತೀವ್ರತೆಯನ್ನು ಲೆಕ್ಕಕ್ಕೆ ತೆಗೆದುಕೊಂಡರೆ ಪೊಲೀಸ್ ಕಾರಿನಲ್ಲಿ ಬಂದವರಿಗೂ ಆಂಬುಲೆನ್ಸ್‌ನಲ್ಲಿ ಬಂದವರಿಗೂ ಒಟ್ಟಾರೆ ಸಾವಿನ ಪ್ರಮಾಣದಲ್ಲಿ ದೊಡ್ಡ ವ್ಯತ್ಯಾಸ ಕಾಣಲಿಲ್ಲ. ತೀವ್ರ ಗಾಯವಾದವರಲ್ಲಿ ಪೊಲೀಸರು ಒಯ್ದವರು ಬದುಕುವ ಸಾಧ್ಯತೆ ಸ್ವಲ್ಪ ಹೆಚ್ಚೇ ಇತ್ತು.

ಹಾಗೆಂದು ಎಲ್ಲ ಕಡೆಗೂ ಇದು ಹೊಂದುವುದಿಲ್ಲ. ಅಲ್ಲಿ ಟ್ರಾಮಾ ಆಸ್ಪತ್ರೆಗಳು ಹತ್ತಿರ ಹತ್ತಿರ ಇವೆ. ಆಸ್ಪತ್ರೆ ದೂರವಿದ್ದರೆ, ಅಥವಾ ವಾಹನ ಡಿಕ್ಕಿಯಲ್ಲಿ ಬೆನ್ನುಮೂಳೆ ಮುರಿದಿದ್ದರೆ, ಹಿಂದಿನ ಸೀಟಿನಲ್ಲಿ ಮಡಚಿ ಕೂರಿಸಿ ಓಡಿಸುವುದು ಬೇರೆಯೇ ಮಾತು. ರಕ್ತ ನಿಲ್ಲಿಸದೆ ಓಡಿಸಿದರೆ ದಾರಿಯಲ್ಲೇ ಮುಗಿದುಹೋಗಬಹುದು.

## ವಶದಲ್ಲಿರುವವರ ಜೀವ

ಈ ತರಬೇತಿಯ ಮಾತು ಬಂದಾಗ ದಾಳಿ, ಸ್ಫೋಟಗಳೇ ನೆನಪಾಗುತ್ತವೆ. ಆದರೆ ಪೊಲೀಸರೇ ನೆಲಕ್ಕೆ ಒತ್ತಿ ಹಿಡಿದವರೂ ಗಾಯಾಳುಗಳಾಗಬಹುದು. 2020ರ ಮೇ 25ರಂದು ಮಿನಿಯಾಪೊಲಿಸ್‌ನಲ್ಲಿ ಜಾರ್ಜ್ ಫ್ಲಾಯ್ಡ್ ಅವರ ಕತ್ತಿನ ಮೇಲೆ ಪೊಲೀಸ್ ಅಧಿಕಾರಿಯೊಬ್ಬ ಒಂಬತ್ತು ನಿಮಿಷಕ್ಕೂ ಹೆಚ್ಚು ಹೊತ್ತು ಮಂಡಿಯೂರಿದ. ಅಲ್ಲಿದ್ದ ಉಳಿದ ಮೂವರು ಅಧಿಕಾರಿಗಳನ್ನು 2022ರ ಫೆಬ್ರವರಿಯಲ್ಲಿ ಅಮೆರಿಕದ ಕೇಂದ್ರ ನ್ಯಾಯಾಲಯದ ಜ್ಯೂರಿ ತಪ್ಪಿತಸ್ಥರೆಂದಿತು. ಕಣ್ಣೆದುರೇ ವೈದ್ಯಕೀಯ ನೆರವು ಬೇಕಿದ್ದಾಗಲೂ ಅವರು ಕೊಡಲಿಲ್ಲ ಎಂಬುದು ಮೂವರ ಮೇಲೂ ಇದ್ದ ಆರೋಪ.

ಬೋರಲು ಮಲಗಿಸಿ, ಕೈ ಹಿಂದೆ ಕಟ್ಟಿ, ಬೆನ್ನ ಮೇಲೆ ಭಾರ ಹಾಕಿದರೆ ಎದೆ ಹಿಗ್ಗಲಾರದು. ಉಸಿರಾಡಲು ಹೋರಾಡುವವರನ್ನು 'ಇನ್ನೂ ಒದ್ದಾಡುತ್ತಿದ್ದಾನೆ' ಎಂದು ಮತ್ತಷ್ಟು ಒತ್ತುವ ಅಪಾಯವಿದೆ. ಕೈಕೋಳ ಬಿದ್ದ ಕೂಡಲೇ ಪಕ್ಕಕ್ಕೆ ಹೊರಳಿಸಬೇಕು ಇಲ್ಲವೇ ಕೂರಿಸಬೇಕು, ಉಸಿರು ನೋಡುತ್ತಿರಬೇಕು. 'ಮಾತಾಡುತ್ತಿದ್ದರೆ ಉಸಿರಾಟ ಸರಿಯಿದೆ' ಎಂಬುದು ತಪ್ಪು ನಂಬಿಕೆ. ನನ್ನ ಮಟ್ಟಿಗೆ ಇಡೀ ತರಬೇತಿಯಲ್ಲಿ ಇದಕ್ಕಿಂತ ಮುಖ್ಯವಾದ ಪಾಠ ಇನ್ನೊಂದಿಲ್ಲ. ಇದಕ್ಕೆ ಕಿಟ್ಟೂ ಬೇಡ.

## ಸಾಕ್ಷ್ಯ ಹಾಳಾಗುವುದಿಲ್ಲವೇ?

ಜೀವ ಮೊದಲು, ಸಾಕ್ಷ್ಯ ಆಮೇಲೆ. ಆದರೆ ಸ್ವಲ್ಪ ಎಚ್ಚರವಿದ್ದರೆ ಎರಡೂ ಉಳಿಯುತ್ತವೆ. ಬಟ್ಟೆ ಕತ್ತರಿಸುವಾಗ ಗುಂಡು ಅಥವಾ ಚಾಕು ಮಾಡಿದ ತೂತಿನ ಮೂಲಕ ಕತ್ತರಿ ಹಾಯಿಸಬಾರದು, ಪಕ್ಕದಿಂದ ಕತ್ತರಿಸಬೇಕು. ಮೈಯಲ್ಲಿ ಚುಚ್ಚಿಕೊಂಡಿರುವ ಚಾಕುವನ್ನು ಎಳೆಯಲೇಬಾರದು. ಸಾಕ್ಷ್ಯದ ದೃಷ್ಟಿಯಿಂದಷ್ಟೇ ಅಲ್ಲ, ಅದೇ ಒಳಗಿನ ರಕ್ತನಾಳವನ್ನು ಒತ್ತಿ ಹಿಡಿದಿರಬಹುದು. ಯಾವುದನ್ನು ಸರಿಸಿದೆವು, ಗಾಯಾಳು ಎಲ್ಲಿ ಬಿದ್ದಿದ್ದರು ಎಂಬುದನ್ನು ನೆನಪಿಟ್ಟು ಆಮೇಲೆ ಬರೆದರೆ ತನಿಖೆಗೆ ಸಾಕಾಗುತ್ತದೆ.

## ಒಪ್ಪಿಸುವುದು, ಮತ್ತು ಆಮೇಲೆ

ಆಂಬುಲೆನ್ಸ್ ಬಂದಾಗ ಪೊಲೀಸರು ನಾಲ್ಕು ವಿಷಯ ಹೇಳಬೇಕು: ಏನಾಯಿತು, ಎಲ್ಲೆಲ್ಲಿ ಗಾಯ, ಈಗ ಹೇಗಿದ್ದಾರೆ, ಏನು ಮಾಡಿದ್ದೇವೆ. ಟೂರ್ನಿಕೆಟ್ ಕಟ್ಟಿದ ಸಮಯವನ್ನು ಬಾಯಲ್ಲೂ ಹೇಳಬೇಕು. ಹೊದಿಕೆಯ ಅಡಿಯಲ್ಲಿ ಅದು ಕಾಣದೆ ಹೋಗಬಹುದು.

ಗಾಯಾಳು ಹೋದ ಮೇಲೂ ಕೆಲಸ ಬಾಕಿಯಿರುತ್ತದೆ. ರಕ್ತ ತಾಗಿದ ಕೈ, ಕಣ್ಣು, ಬಾಯಿ ತೊಳೆದುಕೊಳ್ಳಬೇಕು. ಸೂಜಿಯೋ ಗಾಜೋ ಚುಚ್ಚಿದ್ದರೆ ಕೂಡಲೇ ವೈದ್ಯರಿಗೆ ತೋರಿಸಬೇಕು, ಏಕೆಂದರೆ ಎಚ್‌ಐವಿ ತಡೆಯುವ ಔಷಧಿಯನ್ನು 72 ಗಂಟೆಯೊಳಗೆ ಶುರುಮಾಡಬೇಕು. ಹೆಪಟೈಟಿಸ್ ಬಿ ಲಸಿಕೆಯನ್ನು ತರಬೇತಿಯ ಜೊತೆಗೇ ಕೊಟ್ಟಿದ್ದರೆ ಆ ಒಂದು ಚಿಂತೆ ಕಡಿಮೆ. ಎಲ್ಲ ಸರಿಯಾಗಿ ಮಾಡಿದರೂ ಗಾಯಾಳು ಉಳಿಯದೆ ಹೋಗಬಹುದು. ಹಾಗಾದಾಗ ಒತ್ತಿ ಹಿಡಿದಿದ್ದ ಆ ಅಧಿಕಾರಿಯ ಜೊತೆ ಯಾರಾದರೂ ಕೂತು ಮಾತಾಡಬೇಕು, ಬೇಕಿದ್ದರೆ ಆಪ್ತಸಮಾಲೋಚಕರ ಬಳಿ ಕಳಿಸಬೇಕು. ಬಳಸಿದ ಟೂರ್ನಿಕೆಟ್‌ಗೆ ಬದಲು ಹೊಸದನ್ನು ಮುಂದಿನ ಪಾಳಿಗೆ ಮೊದಲೇ ಕೊಡಬೇಕು.